ಕಿರ್ದಿಗೆ ಬಾರದ ಜಮಾ



ಈ ಸಲದ ಅಭ್ಯಾಸ ಪಾಠಕ್ಕೆ ನಾವು ಆರಿಸಿಕೊಂಡ ವಿಷಯ ದಿನಚರಿ ಬರೆಯುವುದು. ದಿನಚರಿ ಎಂದೊಡನೆ ಅದು ಸಾಹಿತಿಗಳ ಕೆಲಸ, ದೊಡ್ಡ ಅಧಿಕಾರಿಗಳ ಕೆಲಸ, ಹೊಲ ಮನೆ ಅಂಗಡಿ ನೋಡಿಕೊಂಡಿರುವ ನಮಗೇಕೆ ಎಂದು ಕೆಲವರು ಪುಟ ತಿರುವಿಬಿಡಬಹುದು. ದಯವಿಟ್ಟು ತಿರುವಬೇಡಿರಿ. ದಿನದಿನವೂ ತಪ್ಪದೆ ಬರೆಯುವ ರೂಢಿ ನಮ್ಮ ನಾಡಿನಲ್ಲಿ ಯಾರಿಗಾದರೂ ಇದ್ದರೆ ಅದು ಮೊದಲು ವ್ಯಾಪಾರಸ್ಥರಿಗೆ ಇತ್ತು. ಅಡತಿ ಅಂಗಡಿಯ ಯಜಮಾನರು ಸಂಜೆ ದೀಪ ಹಚ್ಚಿ, ಅಂದಿನ ಕಿರ್ದಿ ಬರೆದು, ಶಿಲ್ಕು ತೆಗೆದು, ಅದು ಗಲ್ಲಾಪೆಟ್ಟಿಗೆಯಲ್ಲಿದ್ದ ರೊಕ್ಕಕ್ಕೆ ತಾಳೆಯಾಗುವವರೆಗೆ ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ. ದಣಿವಾಗಿದೆ, ನಾಳೆ ಬರೆದರಾಯಿತು ಎಂಬ ಮಾತು ಅವರಲ್ಲಿ ಇರಲಿಲ್ಲ. ನಮಗೆ ಬೇಕಾದದ್ದು ಆ ಶಿಸ್ತೇ. ಬರೆಯುವ ವಿಷಯ ಮಾತ್ರ ಬೇರೆ.

ಹಳೆಯ ಕಿರ್ದಿಯೊಂದನ್ನು ತೆಗೆದು ನೋಡಿರಿ. ಇಷ್ಟು ಚೀಲ ಜೋಳ ಬಂತು, ಇಷ್ಟು ಹಮಾಲಿ ಕೊಟ್ಟೆವು, ಇಂಥವರಿಗೆ ಉದ್ರಿ ಇಷ್ಟು. ನಡುವೆ ಒಂದು ಕಡೆ ‘ಮಗಳ ಮದುವೆ ಬಾಬತು’ ಎಂದು ಒಂದು ದೊಡ್ಡ ಮೊತ್ತ. ಆ ಮದುವೆಯಲ್ಲಿ ಎಷ್ಟು ಮಣ ಸಕ್ಕರೆ ತಂದರೆಂಬುದು ಮೊಮ್ಮಕ್ಕಳಿಗೆ ತಿಳಿಯುತ್ತದೆ. ಆ ಮಗಳು ಅಂದು ಅತ್ತಳೋ ನಕ್ಕಳೋ, ಬೀಗರು ಹೇಗೆ ನಡೆದುಕೊಂಡರು, ಚಪ್ಪರದ ಕೆಳಗೆ ಹಿರಿಯರು ಏನು ಮಾತಾಡಿದರು ಎಂಬುದು ತಿಳಿಯುವುದಿಲ್ಲ. ಖರ್ಚು ಪೂರ್ತಿ ಬರೆದಿದೆ; ಜಮಾ ಆದದ್ದು ಬರೆದೇ ಇಲ್ಲ. ಅದನ್ನು ಬರೆಯುವ ಅಭ್ಯಾಸವೇ ಈ ಪಾಠ.

ಈಗ ಆ ಕಿರ್ದಿಯೂ ಹೊರಟುಹೋಗುತ್ತಿದೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಸಣ್ಣ ಅಂಗಡಿಯವರೂ ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸಿದರು. ರೊಕ್ಕ ಮೊಬೈಲಿನಲ್ಲೇ ಬಂದು ಮೊಬೈಲಿನಲ್ಲೇ ಹೋಗುತ್ತದೆ. ದೀಪಾವಳಿಯ ಪಾಡ್ಯಕ್ಕೆ ಹೊಸ ಖಾತೆ ಪುಸ್ತಕಕ್ಕೆ ಪೂಜೆಯೇನೋ ಆಗುತ್ತದೆ, ಆದರೆ ಎಷ್ಟೋ ಅಂಗಡಿಗಳಲ್ಲಿ ಪೂಜೆಯಾದ ಪುಸ್ತಕ ಮುಂದಿನ ದೀಪಾವಳಿಯವರೆಗೂ ಮೊದಲ ಪುಟದ ಕುಂಕುಮದೊಡನೆ ಖಾಲಿಯಾಗಿಯೇ ಉಳಿಯುತ್ತದೆ. ಆ ಖಾಲಿ ಪುಸ್ತಕವೇ ನಮ್ಮ ಇಂದಿನ ಪಾಠಕ್ಕೆ ಸಾಕಾಗುವ ಸಾಮಗ್ರಿ.

ವ್ಯಾಪಾರಸ್ಥನೊಬ್ಬನು ದಿನಚರಿ ಬರೆದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಭಾರತದಲ್ಲಿ ಒಂದು ದೊಡ್ಡ ಸಾಕ್ಷಿ ಇದೆ. ಪಾಂಡಿಚೇರಿಯ ಆನಂದರಂಗ ಪಿಳ್ಳೆ (1709-1761) ಎಂಬವರು ಫ್ರೆಂಚರ ಕಾಲದ ವರ್ತಕರು, ಮುಂದೆ ಗವರ್ನರ್ ಡ್ಯೂಪ್ಲೆಯ ದುಭಾಷಿಯಾದವರು. 1736ರ ಸೆಪ್ಟೆಂಬರಿನಿಂದ ತಮ್ಮ ಕೊನೆಯ ದಿನಗಳವರೆಗೆ ಸುಮಾರು 25 ವರ್ಷ ಅವರು ಬರೆದರು. ಯಾವ ಹಡಗು ಬಂತು, ಬಟ್ಟೆಯ ವ್ಯಾಪಾರ ಹೇಗಾಯಿತು, ತಮ್ಮ ಅಡಕೆಯ ಕೋಠಿಯಲ್ಲಿ ಕುಳಿತಿದ್ದಾಗ ಯಾರು ಬಂದು ಯಾವ ಸುದ್ದಿ ಹೇಳಿದರು, ಗವರ್ನರ್ ಯಾವ ಮಾತಿಗೆ ಸಿಟ್ಟಾದರು ಎಲ್ಲವೂ ಅದರಲ್ಲಿವೆ. ಅವರ ವ್ಯವಹಾರ ಪರಭಾಷೆಯವರೊಡನೆ. ದಿನಚರಿ ಮಾತ್ರ ಮನೆಯ ಭಾಷೆಯಾದ ತಮಿಳಿನಲ್ಲಿ. ಅವರು ತೀರಿಕೊಂಡು 85 ವರ್ಷಗಳಾದ ಮೇಲೆ, 1846ರಲ್ಲಿ, ಆ ಬರಹ ಫ್ರೆಂಚ್ ಅಧಿಕಾರಿಯೊಬ್ಬರ ಕಣ್ಣಿಗೆ ಬಿತ್ತು. ಮದರಾಸು ಸರಕಾರ 1904ರಿಂದ 1928ರವರೆಗೆ ಅದನ್ನು ಇಂಗ್ಲಿಷಿನಲ್ಲಿ 12 ಸಂಪುಟಗಳಾಗಿ ಅಚ್ಚು ಹಾಕಿಸಿತು. ಇಂದು ಆ ಕಾಲದ ಕತೆ ಹೇಳುವ ಯಾವ ಇತಿಹಾಸಕಾರರೂ ಆ ಅಡಕೆ ಕೋಠಿಯ ಬಾಗಿಲು ದಾಟದೆ ಮುಂದೆ ಹೋಗಲಾರರು. ಪಿಳ್ಳೆಯವರು ಇತಿಹಾಸ ಬರೆಯಲು ಕೂತವರಲ್ಲ; ಅಂದಂದಿನದನ್ನು ಅಂದಂದೇ ಬರೆದಿಟ್ಟವರು.

ನಮ್ಮಲ್ಲಿ ಬರೆಯುವ ಸಾಧನಕ್ಕೇನೂ ಕೊರತೆ ಇರಲಿಲ್ಲ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಡತಗಳು ಕನ್ನಡ ನಾಡಿನ ಮಠಗಳಲ್ಲೂ ಅಂಗಡಿಗಳಲ್ಲೂ ಇದ್ದವು. ಅಳಿಸಿ ಮತ್ತೆ ಬರೆಯಬಹುದಾದ ಅನುಕೂಲವೇ ಅವುಗಳ ಗುಣ, ಅದೇ ಅವುಗಳ ದೋಷ. ಓಲೆಗರಿಯಲ್ಲಿ ಬರೆದದ್ದು ಅಳಿಯಲಿಲ್ಲ, ಆದ್ದರಿಂದಲೇ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಹುಡುಕಿ ಕೂಡಿಸಿದ ಕಟ್ಟುಗಳಿಂದ 1923ರಲ್ಲಿ ವಚನಶಾಸ್ತ್ರಸಾರ ಹೊರಬರುವುದು ಸಾಧ್ಯವಾಯಿತು. ಶರಣರಲ್ಲಿ ಶಾಂತರಸರಿಗೆ ವಚನ ಭಂಡಾರಿ ಎಂಬ ಹೆಸರೇ ನಿಂತಿತು. ಬಾಯಿಂದ ಬಂದ ಮಾತಿಗೂ ಒಬ್ಬ ಭಂಡಾರಿ ಬೇಕೆಂಬುದು ನಮಗೆ ಹೊಸದಾಗಿ ಯಾರೂ ಹೇಳಿಕೊಡಬೇಕಾದದ್ದಲ್ಲ.

ಗಡಿಯಲ್ಲಿರುವ ನಮಗೆ ಈ ವಿಷಯ ಇನ್ನೊಂದು ರೀತಿಯಲ್ಲಿ ಮುಟ್ಟುತ್ತದೆ. ನಮ್ಮ ಹಿರಿಯರು ಮನೆ ಬಿಟ್ಟು ಕದಲದೆಯೇ ರಾಜ್ಯ ಬದಲಾಯಿಸಿದವರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆ ಹೋದವು. 1956ರ ನವೆಂಬರ್ 1ರಂದು ವಿಜಾಪುರ, ಧಾರವಾಡಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮುಂಬಯಿ ರಾಜ್ಯದಲ್ಲೇ ಉಳಿದವು. 1960ರ ಮೇ 1ರಿಂದ ಅದು ಮಹಾರಾಷ್ಟ್ರ. ಅದೇ 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಈ ತಾರೀಖುಗಳೆಲ್ಲ ಸರಕಾರದ ಕಾಗದಗಳಲ್ಲಿವೆ. ಆದರೆ ಆ ಬೆಳಗ್ಗೆ ನಮ್ಮ ಅಜ್ಜ ಕಟ್ಟೆಯ ಮೇಲೆ ಕೂತು ಏನೆಂದರು? ತವರು ಇನ್ನೊಂದು ರಾಜ್ಯಕ್ಕೆ ಸೇರಿತೆಂದು ತಿಳಿದಾಗ ನಮ್ಮ ಅಜ್ಜಿಗೆ ಏನನಿಸಿತು? ಮಕ್ಕಳ ಸಾಲೆಯ ಪಾಠ ಯಾವ ಭಾಷೆಯಲ್ಲಾಗುವುದೆಂಬ ಚಿಂತೆ ಆ ರಾತ್ರಿಯೇ ಬಂತೋ, ಎಷ್ಟೋ ವರ್ಷ ಕಳೆದ ಮೇಲೆ ಬಂತೋ? ಕೇಳೋಣವೆಂದರೆ ಅಂದು ಬುದ್ಧಿ ಬಲಿತಿದ್ದವರು ಈಗ ಎಂಬತ್ತು ದಾಟಿದ್ದಾರೆ. ಅಂಥ ಹಿರಿಯರು ಮನೆಯಲ್ಲಿದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ, ಒಂದು ಹಾಳೆ ತೆಗೆದುಕೊಂಡು ಅವರ ಬಳಿ ಹೋಗಿ ಕೂಡಿರಿ. ಉಳಿದದ್ದನ್ನು ನಾಳೆ ಓದಬಹುದು.

1972ರ ಬರದ ಮಾತೂ ಹಾಗೆಯೇ. ಮಹಾರಾಷ್ಟ್ರದ ಗಡಿಯ ನಮ್ಮ ಊರುಗಳಲ್ಲಿ ಈಗಲೂ ಹಿರಿಯರು ವಯಸ್ಸನ್ನು ಆ ಬರದಿಂದ ಎಣಿಸುತ್ತಾರೆ: ಬರದ ಹಿಂದಿನ ವರ್ಷ ಹುಟ್ಟಿದವ, ಬರದಾಗ ಮದುವೆಯಾದವಳು. ಕಲ್ಲು ಒಡೆಯುವ ಕೆಲಸ, ಕೆರೆಯ ಕೆಲಸ, ರಸ್ತೆಯ ಕೆಲಸ, ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳ, ಕೆಲಸದ ಜಾಗದಲ್ಲಿ ಹಂಚುತ್ತಿದ್ದ ಸುಕಡಿ. ಆ ಅನುಭವದಿಂದಲೇ ರೋಜಗಾರ ಹಮಿ ಯೋಜನೆ ಬಲಿತು 1977ರಲ್ಲಿ ಕಾಯಿದೆಯಾಯಿತು. ಎಷ್ಟು ಕೂಲಿಗಳು, ಎಷ್ಟು ರಸ್ತೆ ಎಂಬುದು ವರದಿಗಳಲ್ಲಿ ಸಿಕ್ಕೀತು. ಮಾಲದಂಡಿ ಜೋಳದ ಬಿಳಿ ರೊಟ್ಟಿ ಉಂಡ ಬಾಯಿಗೆ ಆ ಕೆಂಪು ರೊಟ್ಟಿ ಹೇಗಿತ್ತು, ಎತ್ತನ್ನು ಮಾರಲು ಹೊರಟ ದಿನ ಮನೆಯವರು ಅದರ ಕೊರಳು ಹಿಡಿದು ನಿಂತರೇ, ಓಣಿಯಲ್ಲಿ ಯಾರು ಯಾರಿಗೆ ಒಂದು ಸೇರು ಹಿಟ್ಟು ಕೊಟ್ಟರು ಎಂಬುದು ವರದಿಗಳಲ್ಲಿ ಇರುವುದಿಲ್ಲ. ಹಿಟ್ಟು ಕೊಟ್ಟವರ ಮನೆಯವರೂ ಇಸಿದುಕೊಂಡವರ ಮನೆಯವರೂ ಇಂದು ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಎದುರುಬದುರು ನಿಂತಿರಬಹುದು. ಆ ಒಂದು ಸೇರಿನ ಸಂಗತಿ ಬರೆದಿದ್ದರೆ ಜಗಳ ತಪ್ಪುತ್ತಿತ್ತೆಂದು ನಾವು ಹೇಳಲಾರೆವು. ಆದರೂ ಅದು ಗೊತ್ತಿದ್ದು ಜಗಳವಾಡುವುದಕ್ಕೂ ಗೊತ್ತಿಲ್ಲದೆ ಜಗಳವಾಡುವುದಕ್ಕೂ ಅಂತರವಿದೆ.

ಇನ್ನು 1993ರ ಸೆಪ್ಟೆಂಬರ್ 30ರ ನಸುಕು. ಅನಂತ ಚತುರ್ದಶಿಯ ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ, ನಾಲ್ಕು ಗಂಟೆ ಹೊಡೆಯುವ ಮುಂಚೆ ಭೂಮಿ ನಡುಗಿತು. ಕಲ್ಲು ಮಣ್ಣಿನ ದಪ್ಪ ಗೋಡೆಗಳ ಮನೆಗಳು ಕುಸಿದು ಸಾವಿರಾರು ಜನ ತೀರಿಕೊಂಡರು. ಸೊಲ್ಲಾಪುರ, ಕಲಬುರ್ಗಿ, ಬೀದರ ಕಡೆಗೂ ನಡುಕ ಮುಟ್ಟಿತು. ಅಂದು ಹತ್ತು ಹನ್ನೆರಡು ವರ್ಷದವರಾಗಿದ್ದವರು ಇಂದು ಮನೆಯ ಹಿರಿಯರಾಗಿದ್ದಾರೆ. ಅವರನ್ನು ಕೇಳಿ ನೋಡಿರಿ: ಒಬ್ಬರು ಹೇಳಿದ ಕತೆ ಅವರ ಒಡಹುಟ್ಟಿದವರು ಹೇಳಿದ ಕತೆಗೆ ಹೊಂದುವುದಿಲ್ಲ. ಒಬ್ಬರಿಗೆ ನೆಲುವಿನ ಗಡಿಗೆ ಬಿದ್ದ ಸಪ್ಪಳ ನೆನಪು, ಇನ್ನೊಬ್ಬರಿಗೆ ದನ ಕೂಗಿದ್ದು ನೆನಪು. ಯಾರೂ ಸುಳ್ಳು ಹೇಳುತ್ತಿಲ್ಲ. ಬಾಯಲ್ಲಿ ಸುತ್ತಿದ ನೆನಪು ಪ್ರತಿ ಸಲ ಹೇಳಿದಾಗಲೂ ಒಂದಿಷ್ಟು ಬದಲಾಗುತ್ತದೆ, ಕೇಳಿದ ಬೇರೆ ಕತೆಗಳನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. ಅಂದೇ ಬರೆದ ಎರಡು ಸಾಲು ಬದಲಾಗುವುದಿಲ್ಲ.

ಇದನ್ನು ವ್ಯಾಪಾರಸ್ಥರಿಗೆ ವಿವರಿಸಿ ಹೇಳಬೇಕಾಗಿಲ್ಲ. ನಿಯಮಿತವಾಗಿ ಬರೆದಿಟ್ಟ ಲೆಕ್ಕದ ಪುಸ್ತಕವನ್ನು ನ್ಯಾಯಾಲಯ ಸಾಕ್ಷ್ಯವಾಗಿ ನೋಡುತ್ತದೆ. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಜಾರಿಯಾದ ಹೊಸ ಸಾಕ್ಷ್ಯ ಕಾಯಿದೆಯಲ್ಲೂ ಉಳಿದಿದೆ. ಅದೊಂದೇ ಸಾಕ್ಷ್ಯದ ಮೇಲೆ ಯಾರ ತಲೆಗೂ ಸಾಲ ಕಟ್ಟಲು ಬರುವುದಿಲ್ಲ ಎಂಬ ಎಚ್ಚರವೂ ಕಾಯಿದೆಯಲ್ಲೇ ಇದೆ. ಪುಸ್ತಕಕ್ಕೆ ಬೆಲೆ ಬರುವುದು ದಿನದ್ದು ದಿನ ಬರೆದುದರಿಂದ. ಆರು ತಿಂಗಳ ಲೆಕ್ಕವನ್ನು ಒಂದೇ ರಾತ್ರಿ ಒಂದೇ ಶಾಯಿಯಲ್ಲಿ ಬರೆದರೆ ಅದನ್ನು ಏನೆನ್ನುತ್ತಾರೆಂದು ಎಲ್ಲರಿಗೂ ಗೊತ್ತು.

ಆದ್ದರಿಂದ ನಮ್ಮ ಮೊದಲ ಕಟ್ಟಳೆ ಇಷ್ಟೆ: ತಪ್ಪಿದ ದಿನವನ್ನು ಆಮೇಲೆ ತುಂಬಿಸಬಾರದು. ಜ್ವರ ಬಂತು, ಊರಿಗೆ ಹೋದಿರಿ, ರಾಶಿಯ ಕಾಲದಲ್ಲಿ ಕಣದಲ್ಲೇ ಮಲಗಿದಿರಿ. ನಾಲ್ಕು ದಿನ ಬರೆಯಲಾಗಲಿಲ್ಲ. ಐದನೆಯ ದಿನ ತಾರೀಖು ಹಾಕಿ ‘ನಾಲ್ಕು ದಿನ ಬರೆದಿಲ್ಲ, ರಾಶಿ ನಡೆದಿತ್ತು’ ಎಂದು ಬರೆದು ಮುಂದೆ ಹೋಗಿರಿ. ಎಷ್ಟೋ ಜನ ದಿನಚರಿ ಬಿಡುವುದು ಬೇಸರದಿಂದಲ್ಲ, ತಪ್ಪಿದ ಪುಟಗಳ ನಾಚಿಕೆಯಿಂದ. ಬ್ಯಾಂಕಿನವರೂ ಗೊಬ್ಬರದ ಕಂಪನಿಯವರೂ ಪುಕ್ಕಟೆ ಕೊಡುವ, ದಿನಕ್ಕೊಂದು ಪುಟ ಅಚ್ಚಾದ ಡೈರಿ ಈ ಕೆಲಸಕ್ಕೆ ಅಷ್ಟು ಒಳ್ಳೆಯದಲ್ಲವೆಂದು ನಮ್ಮ ಅಭಿಪ್ರಾಯ. ಅದರಲ್ಲಿ ಖಾಲಿ ಪುಟ ಎದ್ದು ಕಾಣುತ್ತದೆ, ಬರೆದ ಪುಟದಲ್ಲೂ ಅರ್ಧ ಜಾಗ ಉಳಿದು ‘ಇಷ್ಟೇಯೇ?’ ಎಂದು ಕೇಳುತ್ತದೆ. ಗೆರೆ ಹಾಕಿದ, ಹೊಲಿಗೆ ಗಟ್ಟಿ ಇರುವ 200 ಪುಟದ ಉದ್ದನೆಯ ಪುಸ್ತಕ ಸಾಕು. ದಿನಕ್ಕೆ ಮೂರು ಸಾಲು, ತಾರೀಖಿಗೆ ಒಂದು ಗೆರೆ, ಒಟ್ಟು ನಾಲ್ಕು. ವರ್ಷಕ್ಕೆ 1,460 ಗೆರೆ. ಪುಟಕ್ಕೆ 25 ಗೆರೆ ಎಂದರೆ 59 ಪುಟ. ಒಂದು ಪುಸ್ತಕ ಮೂರು ವರ್ಷ ದಾಟಿ ಬರುತ್ತದೆ.

ಯಾವಾಗ ಬರೆಯಬೇಕು? ಹೊಸದೊಂದು ವೇಳೆ ಹುಡುಕಲು ಹೋದರೆ ಅದು ಎಂಟು ದಿನವೂ ನಿಲ್ಲುವುದಿಲ್ಲ. ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಇದನ್ನು ಗಂಟು ಹಾಕಿರಿ. ಅಂಗಡಿಯವರಿಗೆ ಬಾಗಿಲು ಹಾಕುವ ಮುಂಚಿನ ಹೊತ್ತು. ಹೊಲದವರಿಗೆ ಸಂಜೆ ಕೈಕಾಲು ತೊಳೆದು ದೀಪ ಹಚ್ಚಿದ ಮೇಲೆ, ಊಟದ ಮುಂಚೆ. ಊಟವಾದ ಮೇಲೆ ಎಂದರೆ ನಿದ್ದೆ ಗೆಲ್ಲುತ್ತದೆ. ಬೆಳಗಿನ ಲಿಂಗಪೂಜೆ ತಪ್ಪಿಸದವರು ಪೂಜೆ ಮುಗಿಸಿ ಏಳುವ ಮುಂಚೆ ಹಿಂದಿನ ದಿನದ್ದನ್ನು ಬರೆಯಬಹುದು. ರಾತ್ರಿ ಕಳೆದ ಮೇಲೆ ಸಿಟ್ಟು ಇಳಿದಿರುತ್ತದೆ, ನೆನಪು ಇನ್ನೂ ಹಸಿಯಾಗಿರುತ್ತದೆ. ಮನಸ್ಸು ಬೇಗ ಕಾಯುವವರಿಗೆ ಬೆಳಗಿನ ಹೊತ್ತೇ ಒಳ್ಳೆಯದು.

ಏನನ್ನು ಬರೆಯಬೇಕೆಂಬುದು ಕಷ್ಟದ ಪ್ರಶ್ನೆ, ಸ್ವಲ್ಪ ನಿಂತು ಹೇಳುತ್ತೇವೆ. ಮೊದಲ ವಾರ ಎಲ್ಲರೂ ಬರೆಯುವುದು ಹೀಗೆ: ‘ಎದ್ದೆ, ಹೊಲಕ್ಕೆ ಹೋದೆ, ಸಂತೆಗೆ ಹೋಗಿ ಬಂದೆ, ಮಳೆ ಬಂತು.’ ಇದು ತಪ್ಪಲ್ಲ; ಆದರೆ ನಿನ್ನೆಯದೂ ಇಂದಿನದೂ ಒಂದೇ ಆಗಿ, ಹದಿನೈದು ದಿನಕ್ಕೆ ಕೈ ನಿಲ್ಲುತ್ತದೆ. ಬರೆಯಲು ಕೂತಾಗ ನಮಗೆ ನಾವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇಂದಿನ ದಿನ ಪೂರ್ತಿ ಮರೆತುಹೋಗುವುದಾದರೆ ಅದರಿಂದ ಯಾವುದೊಂದನ್ನು ಉಳಿಸಿಕೊಳ್ಳುವೆವು? ಉತ್ತರ ಬಹಳ ಸಲ ಸಣ್ಣದಾಗಿರುತ್ತದೆ. ‘ಮಗಳನ್ನು ಗಂಡನ ಮನೆಗೆ ಕಳಿಸಿದೆವು. ಅವರವ್ವ ಬುತ್ತಿಗೆ ಹನ್ನೊಂದು ರೊಟ್ಟಿ ಎಣಿಸಿದಳು. ಮಗಳು ಒಂದು ತೆಗೆದು ನನ್ನ ಕೈಗೆ ಕೊಟ್ಟಳು.’ ಇಲ್ಲಿ ದುಃಖವಾಯಿತು ಎಂಬ ಮಾತೇ ಇಲ್ಲ. ಇಪ್ಪತ್ತು ವರ್ಷದ ಮೇಲೆ ಆ ಮಗಳು ಓದಿದರೆ ಅವಳಿಗೆ ಬೇರೆ ಮಾತು ಬೇಕಾಗುವುದೂ ಇಲ್ಲ. ‘ತುಂಬಾ ಸಂತೋಷವಾಯಿತು’, ‘ಮನಸ್ಸಿಗೆ ನೋವಾಯಿತು’ ಎಂಬಂಥವುಗಳನ್ನು ಕಡಿಮೆ ಮಾಡಿ, ಕಂಡದ್ದು, ಕೇಳಿದ್ದು, ಕೈಯಲ್ಲಿ ಹಿಡಿದದ್ದು ಬರೆಯಿರಿ. ಯಾರಾದರೂ ಆಡಿದ ಮಾತು ಮನಸ್ಸಿನಲ್ಲಿ ನಿಂತಿದ್ದರೆ ಅದನ್ನು ಅವರ ಬಾಯಿಂದ ಬಂದ ಹಾಗೆಯೇ ಬರೆಯಿರಿ, ತಿದ್ದಬೇಡಿರಿ.

ರೈತರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ನಾವು ಮಳೆಯನ್ನು ಇಂಗ್ಲಿಷ್ ತಿಂಗಳಿನಿಂದ ಎಣಿಸುವವರಲ್ಲ. ರೋಹಿಣಿ, ಮೃಗಶಿರ, ಆರಿದ್ರ ಎಂದು ಎಣಿಸುವವರು. ಜೂನ್ 7-8ರ ಸುಮಾರಿಗೆ ಮೃಗಶಿರ ಹೂಡುತ್ತದೆ, ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ ಬದಲಾಗುತ್ತದೆ, ಸೆಪ್ಟೆಂಬರಿನ ನಡುವೆ ಉತ್ತರೆ, ತಿಂಗಳ ಕೊನೆಗೆ ಹಸ್ತ. ತಾರೀಖಿನ ಪಕ್ಕದಲ್ಲಿ ಮಳೆಯ ಹೆಸರು ಬರೆದು, ಹರಗಲು ಹದವಾಯಿತೋ ಬಿತ್ತಲು ಹದವಾಯಿತೋ, ಕೂರಿಗೆ ಯಾವ ಹೊಲದಲ್ಲಿ ಹೂಡಿದೆವು ಎಂಬುದನ್ನು ಒಂದು ಸಾಲಿನಲ್ಲಿ ಸೇರಿಸಿದರೆ ಐದು ವರ್ಷದಲ್ಲಿ ನಿಮ್ಮ ಹೊಲದ್ದೇ ಒಂದು ಪಂಚಾಂಗ ಸಿದ್ಧವಾಗುತ್ತದೆ. ‘ಮೊದಲೆಲ್ಲ ಹೀಗಿರಲಿಲ್ಲ, ಮಳೆ ಹಿಂದೆ ಸರಿದಿದೆ’ ಎಂದು ಕಟ್ಟೆಯ ಮೇಲೆ ವಾದ ಮಾಡುವಾಗ ತೋರಿಸಲು ಒಂದು ಪುಸ್ತಕವಿರುತ್ತದೆ. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು ಯಾರ್ಯಾರು ಬಂದಿದ್ದರು ಎಂಬುದನ್ನಂತೂ ಬಿಡಬೇಡಿರಿ. ವರ್ಷಕ್ಕೆ ಒಬ್ಬರಾದರೂ ಆ ಸಾಲಿನಿಂದ ಕಡಿಮೆಯಾಗುತ್ತಾರೆ, ಒಂದು ಕೂಸಾದರೂ ಹೊಸದಾಗಿ ಸೇರುತ್ತದೆ.

ಇನ್ನು ಭಾಷೆ. ಗಡಿಯಾಚೆಯ ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಮರಾಠಿ, ತೆಲುಗು, ತಮಿಳು, ಮಲಯಾಳ ಅಥವಾ ಇಂಗ್ಲಿಷ್ ಸಾಲೆಗಳಲ್ಲಿ ಓದುತ್ತಿದ್ದಾರೆ. ಮನೆಯಲ್ಲಿ ಕನ್ನಡ ಆಡುತ್ತಾರೆ, ಅಕ್ಷರ ಬಾರದು. ದಿನಚರಿಯನ್ನು ಗ್ರಂಥದ ಕನ್ನಡದಲ್ಲಿ ಬರೆಯಬೇಕೆಂದು ನಾವು ಹೇಳುವುದಿಲ್ಲ. ‘ಅಪ್ಪ ಹೊಲಕ್ಕ ಹೊಂಟಾನ’ ಎನ್ನುವ ಮನೆಯಲ್ಲಿ ಹಾಗೆಯೇ ಬರೆಯಲಿ. ಕನ್ನಡ ಅಕ್ಷರ ಬಾರದ ಹುಡುಗ ತನಗೆ ಬಂದ ಲಿಪಿಯಲ್ಲೇ ಕನ್ನಡ ಮಾತನ್ನು ಬರೆದರೂ ಮೊದಲ ವರ್ಷ ಅಡ್ಡಿಯಿಲ್ಲ. ಎದುರಿನ ಗೆರೆಯಲ್ಲಿ ಅಜ್ಜ ಅದನ್ನೇ ಕನ್ನಡ ಅಕ್ಷರದಲ್ಲಿ ಬರೆದರೆ ಅದೇ ಅವನಿಗೆ ಅಂಕಲಿಪಿಯಾಗುತ್ತದೆ. ಆದರೆ ಲಿಪಿಯ ವಿಷಯದಲ್ಲಿ ಉದಾಸೀನ ಬೇಡ. ಮುಂಬಯಿ ಕರ್ನಾಟಕ ಮತ್ತು ಸೊಲ್ಲಾಪುರದ ಕಡೆ ಹಳೆಯ ಮನೆಗಳಲ್ಲಿ ಮೋಡಿ ಲಿಪಿಯ ದಫ್ತರಗಳು ಗಂಟು ಕಟ್ಟಿ ಇಟ್ಟ ಹಾಗೆಯೇ ಇವೆ. ಬರೆದವರ ವಂಶದವರೇ ಅದನ್ನು ಓದಲಾರರು. ಹೊಲದ ತಂಟೆ ಬಂದಾಗ ಮೋಡಿ ಬಲ್ಲವರನ್ನು ಹುಡುಕಿ, ರೊಕ್ಕ ಕೊಟ್ಟು ಓದಿಸಿಕೊಳ್ಳುತ್ತಾರೆ. ನಾವು ಇಂದು ಬರೆದ ಕನ್ನಡ ನಮ್ಮ ಮರಿಮಕ್ಕಳಿಗೆ ಹಾಗೆ ಆಗಬಾರದೆಂದರೆ ಬರೆಯುವುದರ ಜೊತೆಗೆ ಓದಿಸುವುದೂ ಆಗಬೇಕು. ವಾರಕ್ಕೊಮ್ಮೆ, ಸೋಮವಾರ ಸಂಜೆ ಎನ್ನಿ, ಹಿಂದಿನ ವಾರದ್ದನ್ನು ಮನೆಯಲ್ಲಿ ಚಿಕ್ಕವರ ಕೈಯಿಂದ ಗಟ್ಟಿಯಾಗಿ ಓದಿಸಿರಿ. ತಮ್ಮ ಹೆಸರು ಎಲ್ಲಿ ಬರುತ್ತದೋ ಎಂಬ ಆಸೆಗೇ ಅವರು ಓದುತ್ತಾರೆ.

ಬರೆಯಲು ಬಾರದ ಹಿರಿಯರು ಹೇಳಲಿ, ಮೊಮ್ಮಕ್ಕಳು ಬರೆಯಲಿ. ಮನೆಯ ಹೆಣ್ಣುಮಕ್ಕಳ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಕಿರ್ದಿಯಲ್ಲಿ ಅವರ ಹೆಸರಿರಲಿಲ್ಲ, ಪಹಣಿಯಲ್ಲೂ ಸಾತ್-ಬಾರಾ ಉತಾರದಲ್ಲೂ ಬಹಳ ಕಡೆ ಇರಲಿಲ್ಲ, ಈ ಪುಸ್ತಕದಲ್ಲಿಯಾದರೂ ಇರಲಿ. ಯಜಮಾನರೊಬ್ಬರೇ ಬರೆಯುವುದಾದರೆ ಮನೆಯ ಅರ್ಧ ದಿನ ಮತ್ತೆ ಹೊರಗೇ ಉಳಿಯಿತು. ಒಂದೇ ಪುಸ್ತಕದಲ್ಲಿ ಸರದಿಯ ಮೇಲೆ ಬರೆಯಬಹುದು. ಸೊಸೆ ತನ್ನದೇ ಬೇರೆ ಪುಸ್ತಕ ಇಟ್ಟುಕೊಳ್ಳುತ್ತೇನೆ ಎಂದರೆ ಅದನ್ನು ಅವಳು ಕೊಡದೆ ಯಾರೂ ತೆರೆಯಬಾರದು.

ಬರೆಯಬಾರದ್ದೂ ಇದೆ. ಇನ್ನೊಬ್ಬರು ನಂಬಿ ಹೇಳಿದ ಗುಟ್ಟು, ಇನ್ನೊಬ್ಬರ ಮನೆಯ ಸಾಲ, ಕೇಳಿಬಂದ ಗಾಳಿಮಾತು ಇದಕ್ಕೆ ಬರಬಾರದು. ಅಣ್ಣತಮ್ಮಂದಿರ ಪಾಲಿನ ವಿಷಯ ಬಂದಾಗ ತೀರ್ಪು ಬರೆಯಬೇಡಿರಿ. ‘ತಮ್ಮ ಮೋಸಗಾರ’ ಎಂದು ಬರೆದರೆ ಅದು ಮುಂದಿನ ತಲೆಗೆ ಬಿತ್ತಿದ ದ್ವೇಷ. ‘ಬಾವಿಯ ಪಾಳಿಯ ಸಲುವಾಗಿ ತಮ್ಮ ಒದರಾಡಿದ, ನಾನೂ ಒದರಾಡಿದೆ, ಅವ್ವ ನಡುವೆ ಬಂದು ನಿಂತಳು’ ಎಂದು ಬರೆದರೆ ಅದು ನಡೆದ ಸಂಗತಿ. ಓದಿದವರು ತಾವೇ ತೂಗಿಕೊಳ್ಳಲಿ.

ಮನೆಯಲ್ಲಿ ಹಿರಿಯರು ಲಿಂಗೈಕ್ಯರಾದ ದಿನ ಕೈ ಏಳುವುದಿಲ್ಲ. ಅಂದು ಬರೆಯದಿದ್ದರೆ ಯಾರೂ ತಪ್ಪೆನ್ನರು. ಆದರೂ ಸಾಧ್ಯವಾದರೆ ಒಂದು ಸಾಲು ಬರೆಯಿರಿ. ಎಷ್ಟು ಹೊತ್ತಿಗೆ, ಯಾರು ಬಳಿಯಿದ್ದರು, ಕೊನೆಗೆ ಏನೆಂದರು. ನಮ್ಮ ಹಿಂದಿನವರ ವಿಷಯದಲ್ಲಿ ಇದು ಎಷ್ಟು ಜನರಿಗೆ ಗೊತ್ತಿದೆ? ಅಜ್ಜಿಯ ಹುಟ್ಟಿದ ದಿನವಂತೂ ಗೊತ್ತಿಲ್ಲ, ತೀರಿಕೊಂಡ ದಿನವನ್ನೂ ‘ಶ್ರಾವಣದಾಗ, ಮಳಿ ಬಾಳ ಇತ್ತು’ ಎನ್ನುತ್ತೇವೆ. ಮೊದಲು ಬಾಗಿಲಿಗೆ ಬಂದ ನೆರೆಯವರು ಯಾರು, ಒಲೆ ಹೊತ್ತದ ಆ ಮನೆಗೆ ಯಾರು ರೊಟ್ಟಿ ಮಾಡಿ ತಂದರು ಎಂಬುದನ್ನು ಆ ಗದ್ದಲದಲ್ಲಿ ಮರೆತುಬಿಡುತ್ತೇವೆ. ಅದು ತೀರಿಸಬೇಕಾದ ಋಣ. ಸಾವುಕಾರನ ಉದ್ರಿ ಮರೆಯದ ನಾವು ಇದನ್ನು ಮರೆಯುತ್ತೇವೆ.

ಮೊಬೈಲಿನ ವಿಷಯ ಕೇಳುವವರಿದ್ದಾರೆ. ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ಧ್ವನಿ ಹಿಡಿದಿಡುವುದು ಒಳ್ಳೆಯದೇ. ಅವಳ ದನಿ ಯಾವ ಅಕ್ಷರದಲ್ಲೂ ಬಾರದು. ಆದರೆ ಮೊಬೈಲು ಮೂರು ನಾಲ್ಕು ವರ್ಷಕ್ಕೆ ಕೆಡುತ್ತದೆ, ನೀರಿಗೆ ಬೀಳುತ್ತದೆ. ಸಾವಿರಾರು ಫೋಟೋ ಇರುತ್ತವೆ, ಯಾವುದರಲ್ಲಿ ಯಾರು ಎಂಬುದು ಇರುವುದಿಲ್ಲ. ಮುಖ್ಯವಾದುದನ್ನು ಪುಸ್ತಕಕ್ಕೆ ಇಳಿಸಿಕೊಳ್ಳಿರಿ. ನೀರು ತಾಗಿದರೆ ಹರಡುವ ಜೆಲ್ ಪೆನ್ನು ಬೇಡ, ಸಾದಾ ಬಾಲ್ ಪೆನ್ನು ಸಾಕು. ಮುಗಿದ ಪುಸ್ತಕಗಳನ್ನು ನೆಲಕ್ಕೆ ತಾಗದಂತೆ ಟ್ರಂಕಿನಲ್ಲಿ, ಒಣಗಿದ ಬೇವಿನ ಎಲೆ ಇಲ್ಲವೆ ಬಜೆಯ ತುಂಡಿನೊಡನೆ ಇಡಿರಿ. ಗೋಡೆಗೆ ಒರಗಿಸಿಟ್ಟರೆ ಗೆದ್ದಲು ಬಿಡುವುದಿಲ್ಲ.

ಪ್ರಾರಂಭಕ್ಕೆ ದೀಪಾವಳಿಯನ್ನೋ ಯುಗಾದಿಯನ್ನೋ ಕಾಯಬೇಕಾಗಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಊರಿನ ಹೆಸರನ್ನು ಸರಕಾರಿ ಫಲಕದಲ್ಲಿರುವಂತೆ ಬರೆದು, ಅದರ ಕೆಳಗೆ ಮನೆಯಲ್ಲಿ ಕರೆಯುವಂತೆಯೂ ಬರೆಯಿರಿ. ಇಂದು ಮನೆಯಲ್ಲಿ ಯಾರ್ಯಾರು ಇದ್ದಾರೆ, ಅವರ ವಯಸ್ಸು, ಯಾರು ಎಲ್ಲಿಂದ ಸೊಸೆಯಾಗಿ ಬಂದವರು, ಯಾವ ಮಗಳನ್ನು ಯಾವ ಊರಿಗೆ ಕೊಟ್ಟಿದೆ. ಹೊಲಗಳ ಹೆಸರು, ಗಟ್ ನಂಬರಲ್ಲ, ಹುಣಸೆಗಿಡದ ಹೊಲ, ಹಳ್ಳದ ದಂಡೆಯ ಹೊಲ ಎಂದು ನಾವು ಕರೆಯುವ ಹೆಸರು. ಕೊಟ್ಟಿಗೆಯಲ್ಲಿರುವ ಎತ್ತು ಆಕಳುಗಳ ಹೆಸರು. ಅಂಗಡಿಯಾದರೆ ಅದನ್ನು ಹೂಡಿದವರು ಯಾರು, ಮೊದಲು ಏನು ಮಾರುತ್ತಿದ್ದರು. ಗೊತ್ತಿಲ್ಲದ ಕಡೆ ಜಾಗ ಬಿಟ್ಟು, ಗೊತ್ತಿರುವವರನ್ನು ಕೇಳಿ ಬಂದು ತುಂಬಿರಿ. ಆ ಪುಟ ಮುಗಿಯಲು ಒಂದು ವಾರ ಹಿಡಿದರೂ ಹಿಡಿಯಲಿ; ಇಂದಿನ ಮೂರು ಸಾಲನ್ನು ಎರಡನೆಯ ಪುಟದಲ್ಲಿ ಇಂದೇ ಬರೆಯಿರಿ.